ಅನಸವ್ವನ ವಿಳಾಸಕ್ಕೆ ಬಿದ್ದ ಕಸ

ಬನಹಟ್ಟಿಯ ಅನಸವ್ವನಿಗೆ ಹಠಮಾರಿ ಎಂದು ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಅವಳ ಗಂಡ ಚನಮಲ್ಲಪ್ಪನೇ. ಅವನು ಹಾಗನ್ನುವುದರಲ್ಲಿ ತಪ್ಪೇನೂ ಇಲ್ಲ ಬಿಡಿ. ಮದುವೆಯಾಗಿ ಬಂದಾಗಿನಿಂದ ಕರೆಂಟಿನ ಮಗ್ಗದ ಮುಂದೆ ನಿಂತವಳು ಅವಳು. ನೂಲು ಕೊಡುತ್ತಿದ್ದವನು ರಬಕವಿಯ ವ್ಯಾಪಾರಿ ಪರಮಾನಂದ, ಅವಳು ನೇಯ್ದ ಸೀರೆಯೆಲ್ಲ ಅವನ ಗೋದಾಮಿಗೇ ಹೋಗುತ್ತಿತ್ತು. ಅಲ್ಲಿ ಅವನ ಅಂಗಡಿಯ ಚೀಟಿ ಹೊಲಿಸಿಕೊಂಡು ಪೇಟೆಗೆ ಹೊರಡುತ್ತಿತ್ತು. ಓಣಿಯ ನೇಕಾರರ ಮನೆಗಳಲ್ಲೆಲ್ಲ ಇದೇ ಪದ್ಧತಿ, ಯಾರಿಗೂ ಇದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ಅನಸವ್ವನಿಗೂ ಅನ್ನಿಸಿರಲಿಲ್ಲ, ಮುಧೋಳದ ಆ ಮದುವೆಗೆ ಹೋಗುವವರೆಗೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹೆಂಗಸು ಉಟ್ಟಿದ್ದದ್ದು ಅನಸವ್ವ ತಾನೇ ನೇಯ್ದ ಸೀರೆ. ಹೆತ್ತವಳಿಗೆ ಮಗುವಿನ ಗುರುತು ಹೇಳಿಕೊಡಬೇಕೇ? ಸುಮ್ಮನೆ ಕೇಳಿದಳು, "ಸೀರಿ ಭಾಳ ಛಲೋ ಐತ್ರಿ, ಎಲ್ಲಿದು?"

"ಪರಮಾನಂದ ಸಾವ್ಕಾರ್ರದ್ರಿ. ಏನ ಕೈ ಅಂತೀರಿ ಅವರದು!"

ಪರಮಾನಂದನ ಕೈ! ಜೀವಮಾನದಲ್ಲಿ ಒಂದು ಎಳೆ ದಾರ ಗಂಟು ಹಾಕಿದ ಕೈಯಲ್ಲ ಅದು. ಅನಸವ್ವ ಹೋಳಿಗೆಯನ್ನು ಎಲೆಯ ತುದಿಗೆ ಸರಿಸಿದಳು. ಮನೆಗೆ ಬಂದವಳೇ ಹೇಳಿಬಿಟ್ಟಳು, ಇನ್ನು ಮುಂದೆ ತನ್ನ ಸೀರೆಗೆ ತನ್ನದೇ ಚೀಟಿ. ಚನಮಲ್ಲಪ್ಪ ಕೂಗಾಡಿದ, ತಲೆ ಚಚ್ಚಿಕೊಂಡ. ಕೊನೆಗೆ ಒಂದು ಕರಾರಿಗೆ ಬಂದ. ದೀಪಾವಳಿಯೊಳಗೆ ಚೀಟಿ ನೋಡಿ ಗಿರಾಕಿ ಬರದಿದ್ದರೆ ಅವಳು ಬಾಯಿ ಮುಚ್ಚಿಕೊಂಡು ಮತ್ತೆ ಪರಮಾನಂದನಿಗೆ ನೇಯಬೇಕು. ಅನಸವ್ವ ಹೂಂ ಅಂದಳು.

ಚೀಟಿಯ ಮೇಲೆ 'ನೇಯ್ದವರು: ಅನಸವ್ವ, ಬನಹಟ್ಟಿ' ಎಂದು ಅಚ್ಚು ಹಾಕಿಸಿದ್ದಾಯಿತು. ಫೋನ್ ನಂಬರ್ ಹಾಕಲು ಚನಮಲ್ಲಪ್ಪ ಸುತರಾಂ ಒಪ್ಪಲಿಲ್ಲ, ಕಂಡಕಂಡವರು ಮನೆಯ ಹೆಂಗಸಿಗೆ ಫೋನ್ ಮಾಡುವುದೇ? ಆಗ ದಾರಿ ತೋರಿಸಿದವಳು ಸೊಸೆ ಪ್ರತಿಮಾ. ಲೋಕಾಪುರದ ಹುಡುಗಿ, ಜಮಖಂಡಿಯ ಕಚೇರಿಯೊಂದರಲ್ಲಿ ಕೆಲಸ. ಅತ್ತೆಯ ಹೆಸರಿನಲ್ಲಿ ಒಂದು ಇಮೇಲ್ ವಿಳಾಸ ಮಾಡಿಕೊಟ್ಟಳು. ಅನಸವ್ವ ಅದನ್ನು ಚೀಟಿಗೆ ಹಾಕಿಸಿದಳು, ಫೇಸ್‌ಬುಕ್ಕಿನಲ್ಲಿ ಬರೆದಳು, ಪ್ರದರ್ಶನಗಳಿಗೆ ಹೋಗಿ ನಾಲ್ಕಾರು ಸೀರೆ ಮಾರಿದಲ್ಲಿ ಕೇಳಿದವರಿಗೂ ಕೇಳದವರಿಗೂ ಆ ವಿಳಾಸ ಕೊಟ್ಟು ಬಂದಳು.

ಆಮೇಲೆ ಬಂತು ನೋಡಿ ಮಹಾಪೂರ! ಗಿರಾಕಿಗಳದಲ್ಲ, ಕಸದ್ದು. ಒಬ್ಬ ಲಾಟರಿ ಹತ್ತಿದೆ ಎಂದ. ಇನ್ನೊಬ್ಬ ಬ್ಯಾಂಕ್ ಖಾತೆ ಬಂದ್ ಆಗುತ್ತದೆ ಎಂದು ಹೆದರಿಸಿದ. ಮತ್ತೊಬ್ಬ ಬೋಳು ತಲೆಗೆ ಎಣ್ಣೆ ಕಳಿಸುತ್ತೇನೆ ಎಂದ. ಗಂಡನ ತಲೆಯ ಸುದ್ದಿ ಇವನವರೆಗೆ ಯಾರು ಮುಟ್ಟಿಸಿದರು ಎಂದು ಅನಸವ್ವ ದಂಗಾದಳು. ಯಾವುದೋ ದೇಶದ ಶ್ರೀಮಂತ ವಿಧವೆಯಂತೂ ತನ್ನ ಆಸ್ತಿಯನ್ನೆಲ್ಲ ಅನಸವ್ವನಿಗೇ ಬರೆದುಕೊಡಲು ತುದಿಗಾಲಲ್ಲಿ ನಿಂತಿದ್ದಳು.

ಅನಸವ್ವ ಮಾಡಿದ ಎಡವಟ್ಟು ಇಲ್ಲೇ ಇರುವುದು. ಬಾಗಿಲಿಗೆ ಬಂದವರು ಸೂಜಿ ಮಾರುವವರೇ ಇರಲಿ, ಅವರಿಗೆ ಒಂದು ಮಾತು ಹೇಳದೆ ಒಳಗೆ ಹೋಗುವುದು ಈ ಓಣಿಯ ರೀತಿಯಲ್ಲ. 'ಹೋಗು' ಅನ್ನುವುದು ಇನ್ನೂ ಕೆಟ್ಟದ್ದು. ಹಾಗಾಗಿ ಫೋನಿನ ಮೈಕಿಗೆ ಬಾಯಿ ಹಚ್ಚಿ, ಬಂದ ಒಂದೊಂದು ಮೇಲ್‌ಗೂ ತಪ್ಪದೆ ಜವಾಬು ಬರೆಸಿದಳು, 'ಸದ್ಯ ಬ್ಯಾಡ್ರಿ, ಮತ್ತ ಬರ್ರಿ.' ವಿಧವೆಗೆ ಮಾತ್ರ ಎರಡು ಮಾತು ಹೆಚ್ಚು, 'ಧೈರ್ಯ ತಗೋವಾ, ನಿನ್ನ ಆಸ್ತಿ ನಿನ್ನ ಕಡೇನ ಇರಲಿ.'

ಅವರು ಬಂದರು. ಬಳಗ ಕಟ್ಟಿಕೊಂಡು ಬಂದರು. ಮೇಲ್ ಪೆಟ್ಟಿಗೆ ತುಂಬಿ ಅನಸವ್ವನ ತಲೆ ಕೆಟ್ಟುಹೋಯಿತು.

ಒಂದು ಭಾನುವಾರ ಪ್ರತಿಮಾ ಅತ್ತೆಯ ಫೋನ್ ತೆಗೆದು ನೋಡಿ ಹೌಹಾರಿದಳು. "ಅತ್ತಿ, ಇವರಿಗೆಲ್ಲಾ ಜವಾಬ ಕೊಟ್ಟೀರೇನ್ರಿ?"

"ಕೊಡಲಾರದ? ಬಂದವ್ರ ಮುಂದ ಮೂಗರಗತೆ ಕುಂಡ್ರಲೇನು?"

"ಇವು ಮನಶ್ಯಾರು ಬರದದ್ದಲ್ರಿ ಅತ್ತಿ, ಮಷಿನ್ ಕಳಸೂದು. ನೀವು ವಿಳಾಸ ಊರ ತುಂಬ ಹಂಚೀರಿ. ಅಂಥಾ ವಿಳಾಸ ಆರಿಸಿ ಕೂಡಹಾಕಿ, ಮೋಸಗಾರರು ಒಬ್ಬರು ಇನ್ನೊಬ್ಬರಿಗೆ ಮಾರತಾರ. ಮೇಲ್ ಕಳಸಾಕ ಖರ್ಚಿಲ್ಲ. ಲಕ್ಷ ಮಂದಿಗೆ ಬಲಿ ಬೀಸಿದ್ರ ಒಬ್ಬ ಸಿಕ್ರೂ ಅವ್ರಿಗೆ ಲಾಭನ. ನೀವು ಜವಾಬ ಕೊಟ್ರ, ಈ ಮನ್ಯಾಗ ಮಂದಿ ಅದಾರ ಅಂತ ತಿಳೀತೈತಿ. ಇನ್ನಷ್ಟು ಕಳಸತಾರ."

"ಅಂದ್ರ ನನ್ನ ಮರ್ಯಾದಿನ ನನಗ ಮುಳುವಾತು!" ಎಂದು ಅನಸವ್ವ ಕಿಡಿಕಿಡಿಯಾದಳು.

ಇದನ್ನೆಲ್ಲ ಕೇಳುತ್ತ ಕುಳಿತಿದ್ದ ಚನಮಲ್ಲಪ್ಪನಿಗೆ ಒಳ್ಳೆ ಸಂದು ಸಿಕ್ಕಿತು. "ತಗದ ಒಗಿ ಅದನ್ನ. ದೀಪಾವಳಿ ಬಂತು, ಚೀಟಿ ನೋಡಿ ಒಬ್ಬ ಗಿರಾಕಿ ಬಂದಿಲ್ಲ. ಪರಮಾನಂದ ಸಾವ್ಕಾರ್ರು ನಿನ್ನೆ ಸಿಕ್ಕಿದ್ರು. ಹಠಾ ಬಿಟ್ರ ಈಗೂ ನೂಲು ಕೊಡತೇನಿ ಅಂದಾರ."

"ಹತ್ತೂರಿಗೆ ಚೀಟಿ ಹೋಗೇತ್ರಿ. ಅದನ್ನ ನೋಡಿ ನಾಳೆ ಯಾರರೆ ಬರದ್ರ, ಬಾಗಲಾ ಹಾಕ್ಕೊಂಡ ಕುಂಡ್ರಲೇನು? ಕಳ್ರು ಬಂದ್ರಂತ ಮನಿ ಬಿಟ್ಟ ಹೋಗೂದು ಯಾವ ಊರ ನ್ಯಾಯಾರೀ?"

ಅಂದಿನಿಂದ ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ಅನಸವ್ವ ಸೆರಗು ಸಿಗಿಸಿ ಕಸ ಗುಡಿಸಲು ಕೂರತೊಡಗಿದಳು. ಸೊಸೆ ಹೇಳಿದ್ದನ್ನು ಒಂದೂ ಬಿಡಲಿಲ್ಲ. ಗೊತ್ತಿಲ್ಲದವರಿಗೆ ಜವಾಬಿಲ್ಲ. ಅವರು ಒತ್ತಿ ಎಂದದ್ದನ್ನು ಒತ್ತುವುದಿಲ್ಲ, ಕೆಳಗೆ 'ಬೇಡವಾದರೆ ಇಲ್ಲಿ ತಿಳಿಸಿ' ಎಂದು ಸಭ್ಯಸ್ತರಂತೆ ಬರೆದಿದ್ದರೂ ಸರಿ. ಬ್ಯಾಂಕಿನ ಹೆಸರು ಹೇಳಿದರೆ ತಾನೇ ಬ್ಯಾಂಕಿಗೆ ಹೋಗಿ ಕೇಳುವುದು. ಬರಿದೆ ಅಳಿಸಿದರೆ ಸಾಲದು, ಸ್ಪ್ಯಾಮ್ ಎಂದು ಗುರುತು ಹಾಕಬೇಕು, ಆಗ ಮೇಲ್‌ಗೇ ಅಂಥವರ ಮುಖ ಪರಿಚಯವಾಗುತ್ತದೆ. ಕಂಡ ಕಂಡ ಫಾರ್ಮಿಗೆ ಬರೆಯಲು ಬೇರೊಂದು ವಿಳಾಸ. "ನಡೀ ಹೊರಗ!" ಎಂದು ಗದರುತ್ತ ಅವಳು ಒಂದೊಂದನ್ನೇ ದಬ್ಬುವಾಗ ಪಕ್ಕದ ಮನೆಯವರು ಅತ್ತೆ ಸೊಸೆಗೆ ಜಗಳ ಹತ್ತಿದೆ ಎಂದೇ ತಿಳಿದಿದ್ದರು. ಮಹಾಪೂರ ಪೂರ್ತಿ ಬತ್ತಲಿಲ್ಲ, ಆದರೆ ಇಳಿಯಿತು.

ಪ್ರತಿಮಾ ಇನ್ನೊಂದು ಮಾತನ್ನೂ ಹೇಳಿದ್ದಳು. ಮೇಲ್ ಒಮ್ಮೊಮ್ಮೆ ತಪ್ಪು ತಿಳಿದು ಒಳ್ಳೆಯವರನ್ನೂ ಕಸದ ಜೊತೆ ಎಸೆಯುತ್ತದೆ, ಆಗಾಗ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಬೇಕು. ದೀಪಾವಳಿ ನಾಳೆ ಎನ್ನುವ ದಿನ ಮಧ್ಯಾಹ್ನ ಅನಸವ್ವ ಆ ಪೆಟ್ಟಿಗೆ ತೆರೆದಳು. ಲಾಟರಿಗೂ ಬೋಳು ತಲೆಯ ಎಣ್ಣೆಗೂ ನಡುವೆ ಕನ್ನಡದ ಒಂದು ಮೇಲ್ ಕುಳಿತಿತ್ತು.

"ಪ್ರತಿಮಾ! ಬಾ ಇಲ್ಲೆ, ಲಗೂನ ಬಾ!"

ಹಬ್ಬಕ್ಕೆ ರಜೆ ಹಾಕಿದ್ದ ಪ್ರತಿಮಾ ಓಡಿ ಬಂದು ಗಟ್ಟಿಯಾಗಿ ಓದಿದಳು. ಬರೆದವಳು ಧಾರವಾಡದಲ್ಲಿ ಸೀರೆ ಅಂಗಡಿ ಇಟ್ಟಿರುವ ಕಾವೇರಿ. 'ನಮ್ಮ ಗಿರಾಕಿಯೊಬ್ಬರ ಸೀರೆಯ ಚೀಟಿ ನೋಡಿ ಬರೆಯುತ್ತಿದ್ದೇನೆ. ಇಂಥ ನೇಯ್ಗೆ ನಾನು ನೋಡಿಲ್ಲ. ನೀವು ನೇಯ್ದಷ್ಟೂ ಸೀರೆ ನಮಗೇ ಕೊಡಿ. ಒಂದೇ ಮಾತು, ನಿಮ್ಮ ಚೀಟಿ ತೆಗೆದು ನಮ್ಮ ಅಂಗಡಿಯದನ್ನು ಹಾಕಬೇಕು.'

ಚನಮಲ್ಲಪ್ಪ ಕುಣಿಯುವುದೊಂದು ಬಾಕಿ. "ಬಂತಲ್ಲಬೇ ಗಿರಾಕಿ! ನೀನ ಗೆದ್ದಿ. ಹೂಂ ಅಂತ ಬರಿ ಮೊದಲ."

ಮಾರಾಟವಾಗದೆ ಕಪಾಟಿನಲ್ಲಿ ಮಡಿಚಿಟ್ಟ ಸೀರೆಗಳು ಅನಸವ್ವನ ಕಣ್ಣೆದುರಿಗೇ ಇದ್ದವು. ಹೂಂ ಅಂದರೆ ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಆಸೆಯಾಗಲಿಲ್ಲ ಎಂದರೆ ಸುಳ್ಳು.

"ನನ್ನ ಚೀಟಿ ನೋಡೇ ನನ್ನ ಹುಡಿಕ್ಯಾಳ, ಮತ್ತ ಅದನ್ನ ತಗಿ ಅಂತಾಳ. ಪರಮಾನಂದಗೂ ಇಕಿಗೂ ಏನ ಫರಕ್ ಆತ್ರಿ?" ಎಂದು ಫೋನ್ ಬಾಯಿಯ ಹತ್ತಿರ ಹಿಡಿದಳು. "ಸೀರಿ ಕೊಡತೇನಿ. ಚೀಟಿ ತಗಿಯೂದಿಲ್ಲ. ಅನಸವ್ವ, ಬನಹಟ್ಟಿ."

"ಹುಚ್ಚ ಹಿಡದೇತೇನ ನಿನಗ?" ಚನಮಲ್ಲಪ್ಪ ಎದ್ದು ನಿಂತ. "ಆಕಿ ಬ್ಯಾಡಂದ್ರ?"

"ಬ್ಯಾಡಂದ್ರ ಬ್ಯಾಡ. ನಾ ಸತ್ತ ಮ್ಯಾಲ ನೀವ ಫೋಟೋ ಕಟ್ಟು ಹಾಕಿಸಿ, ಕೆಳಗ ನನ್ನ ಹೆಸರ ಬರಸೇ ಬರಸತೀರಿ. ಜೀವ ಇದ್ದಾಗ ಅದು ನಾ ನೇಯ್ದ ಸೀರಿ ಮ್ಯಾಲ ಇರಲಿ."

ಕರೆಂಟು ಬಂತು. ಅನಸವ್ವ ಕಳಿಸುವ ಗುಂಡಿ ಒತ್ತಿ, ಫೋನನ್ನು ಸೊಸೆಯ ಕೈಗಿಟ್ಟು ಮಗ್ಗದ ಕಡೆಗೆ ನಡೆದಳು.