ಒಂದು ತೂತು ಆಚೀಚೆ ಆದ ಕೊಳಲು

ನೋಡ್ರಪ್ಪಾ, ತೋಟದ ಬಿದಿರು ಕಡಿದು ನಾನೇ ಒಂದು ಕೊಳಲು ಮಾಡಿದೀನಿ. ಒಂದು ತೂತು ಮಾತ್ರ ಸ್ವಲ್ಪ ಆಚೆ ಬಿದ್ದೈತೆ. ಇವತ್ತು ಬೆಳಿಗ್ಗೆ ನನ್ನ ಹೆಂಡತಿಯ ಅಣ್ಣ ಯಸಳೂರಿಂದ ಬಂದಿದ್ರು, ಸಂಗೀತ ಕಲಿತವರು. ಖುಷಿಯಿಂದ ನುಡಿಸಿ ತೋರಿಸಿದೆ. ಭಾವ ಕಿವಿ ಮುಚ್ಚಿಕೊಂಡು, "ಗಾಂಧಾರವೇ ಸರಿ ಇಲ್ಲ ಮಾರಾಯ, ಹಂಡೆ ಒಲೆಗೆ ಹಾಕು" ಅಂದ್ರು. ನಾಚಿಕೆಯಾಗಿ, ಕೊಳಲು ಒಲೆಗೆ ಹಾಕೋಕೆ ಎದ್ದು ಬಚ್ಚಲುಮನೆಗೆ ಹೊರಟೇಬಿಟ್ಟೆ.

ಹೆಂಡತಿ ಅಡುಗೆಮನೆಯಿಂದ ಓಡಿಬಂದು ಕೊಳಲು ಕಿತ್ತುಕೊಂಡಳು. "ಅಣ್ಣಯ್ಯ, ಇಪ್ಪತ್ತು ವರ್ಷದಿಂದ ಇವರೇ ಸರಿ ಇಲ್ಲ. ಇವರನ್ನೇನು ಒಲೆಗೆ ಹಾಕ್ಬುಟ್ನಾ? ಸಂಜೆ ಇದು ಕೇಳ್ದಿದ್ರೆ ನಂಗೆ ರೊಟ್ಟಿ ತಟ್ಟೋಕೇ ಮನಸ್ಸು ಬರಲ್ಲ."

ಭಾವ ಕಾಫಿ ಲೋಟ ಎತ್ಕೊಂಡ್ರು. ನಾನು ಅವಳ ಕೈಯಿಂದ ಕೊಳಲು ಇಸ್ಕೊಂಡು ಇನ್ನೊಂದ್ಸಲ ನುಡಿಸಿದೆ.

ಮದುವೆಯಾದ ಗಂಡಸರೇ, ಇದಕ್ಕಿಂತ ದೊಡ್ಡ ಬಿರುದು ಯಾರಿಗಾದ್ರೂ ಸಿಕ್ಕಿದ್ರೆ ಹೇಳಿ.