ಟೈಲರಕ್ಕನ ಸಿಂಗಪುರದ ಪೆಟ್ಟಿಗೆ

ಮಕ್ಕಳೇ, ನೀಲಗಿರಿ ಬೆಟ್ಟದ ಕೆತ್ತಿ ಊರಿನಲ್ಲಿ ನಮ್ಮ ಪಕ್ಕದ ಮನೆಯ ಟೈಲರಕ್ಕ ರವಿಕೆಗೆ ಯಾರು ಲೇಸ್ ಅಂಚು ಕೇಳಿದರೂ "ಬೇಕಾದಷ್ಟೇ ಸಾಕು" ಎನ್ನುತ್ತಿದ್ದಳು. ಅಗ್ಗದ ಟಿಕೆಟ್ಟಿನಲ್ಲಿ ಸಿಂಗಪುರ ನೋಡಲು ಹೊರಟಾಗ, ಪಾಸ್‌ಪೋರ್ಟಿಗೆ ಲಂಗದಲ್ಲೇ ಒಳಜೇಬು ಹೊಲಿದುಕೊಂಡಳು. ಪೆಟ್ಟಿಗೆಯಲ್ಲಿ ಎರಡು ಸೀರೆ, ಸ್ವೆಟರ್, ಬಟ್ಟೆ ಒಣಗಿಸುವ ಹಗ್ಗ, ಸೂಜಿದಾರ, ಜ್ವರದ ಮಾತ್ರೆ ಇಟ್ಟಳು.

ಹೊರಡುವ ದಿನ ನೆಂಟರು ಬಂದು ಅವನ್ನೆಲ್ಲ ಹೊರಗೆ ಹಾಕಿ, ಅಲ್ಲಿರುವ ತಮ್ಮವರಿಗೆಂದು ಟೀ ಪುಡಿ, ವರ್ಕಿ ಬಿಸ್ಕತ್ತು, ನೀಲಗಿರಿ ಎಣ್ಣೆ ತುರುಕಿದರು.

"ಅಲ್ಲಿ ಸೆಕೆ ಅಕ್ಕಾ, ಸ್ವೆಟರ್ ಯಾಕೆ? ಸುಮ್ನೆ ತಿರುಗೋಕೆ ಹೋಗೋಳು ಇದನ್ನಾದ್ರೂ ಹೊತ್ಕೊಂಡು ಹೋಗು!"

ಎಂಥ ಸೊಕ್ಕು! ಅವಳ ದುಡಿಮೆಯ ಟಿಕೆಟ್ಟು, ಅವಳ ಪೆಟ್ಟಿಗೆ. ಒಂದು ಮಾತು ಕೇಳಬಾರದೇ? ಈಗಲೂ ನನ್ನ ಮೈ ಉರಿಯುತ್ತದೆ.

ಟೈಲರಕ್ಕ ಜಗಳವಾಡಲಿಲ್ಲ. ಸ್ವೆಟರ್ ತೊಟ್ಟು, ಉಳಿದದ್ದನ್ನು ತಾನೇ ಹೊಲಿದ ಕೈಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದಳು.

"ಅಕ್ಕಾ, ಪೆಟ್ಟಿಗೆ!" ಎಂದು ನೆಂಟರು ಓಡಿಬಂದರು.

"ಅದು ನಿಮ್ದು, ನೀವೇ ಕಳಿಸ್ಕೊಳ್ಳಿ. ನಂಗೆ ಬೇಕಾದಷ್ಟೇ ಸಾಕು."