ನಮ್ಮನ್ನು ಎಣಿಸಲು ಬಂದವರು

ಪುತ್ತೂರಿಗೆ ಹೋಗುವ ಬೆಳಗಿನ ರೈಲು ತಡವಾಗುವುದರ ಹಿಂದೆ ಏನೋ ಹುನ್ನಾರವಿದೆ ಎಂದು ಮೊದಲು ಕಂಡುಹಿಡಿದವಳು ನಾನೇ. ನೆಟ್ಟಣದಿಂದ ಹೊರಟ ಗಾಡಿ ಗೂಡ್ಸ್‌ಗಳಿಗೆಲ್ಲ ದಾರಿ ಬಿಟ್ಟುಕೊಟ್ಟು ನಮ್ಮ ಸಣ್ಣ ಸ್ಟೇಷನ್ನಿಗೆ ಬರುವಾಗ ಮುಕ್ಕಾಲು ಗಂಟೆ ತಡ. ಕೆಲವು ದಿನ ಬರುವುದೇ ಇಲ್ಲ. ಪ್ಲಾಟ್‌ಫಾರ್ಮಿಗೆ ಸೂರಿಲ್ಲ, ನಳ್ಳಿಯಲ್ಲಿ ನೀರಿಲ್ಲ. ಜನ ಬೇಸತ್ತು ಬಸ್ಸಿಗೆ ಹೋದರೆ, ಜನವೇ ಇಲ್ಲವೆಂದು ರೈಲು ನಿಲ್ಲಿಸುವುದು ಸುಲಭವಲ್ಲವೇ? ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬವೂ ಇತ್ತು.

ನನಗೆ ಬಸ್ಸಾದರೂ ಆದೀತು. ನಾನು ಕೆಲಸಕ್ಕಿರುವ ಪುತ್ತೂರಿನ ಬಟ್ಟೆ ಅಂಗಡಿಯಲ್ಲಿ ತಡವಾದದ್ದಕ್ಕೆ ಬೈಗುಳ ತಿಂದು ಅಭ್ಯಾಸ. ಆಗದಿದ್ದದ್ದು ನೆರೆಮನೆಯ ಅಕ್ಕನಿಗೆ. ಬಿದ್ದ ಮೇಲೆ ಅವರ ಮೊಣಕಾಲು ಮಡಚುತ್ತಿರಲಿಲ್ಲ. ವಾರಕ್ಕೆರಡು ಸಲ ಪುತ್ತೂರಿಗೆ ಹೋಗಿ ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಕಾಲು ಹಾಗೆಯೇ ಸೆಟೆದುಹೋಗುತ್ತದೆ ಎಂದಿದ್ದರು ಡಾಕ್ಟರು. ರೈಲಿನಲ್ಲಾದರೆ ಎದುರಿನ ಸೀಟಿಗೆ ಕಾಲು ಚಾಚಬಹುದಿತ್ತು.

ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದ ಅಪರಿಚಿತರೊಬ್ಬರು ಬಂದರು. ದಿನಾ ಎಷ್ಟು ಜನ ಹತ್ತುತ್ತೀರಿ, ರೈಲಿನ ವಿಷಯಕ್ಕೆ ಹೆಸರು ಬರೆದು ಸಹಿ ಹಾಕಿ ಎಂದಷ್ಟೇ ಹೇಳಿದರು. ಇಸ್ತ್ರಿ ಮಾಡಿದ ಅಂಗಿ, ಅತಿ ಮೆತ್ತಗಿನ ಮಾತು. ನನಗೆ ಅಷ್ಟೇ ಸಾಕಾಯಿತು.

"ಬಸ್ಸಿನವರ ಜನ ಇರ್ಬೇಕು ಅಕ್ಕ. ನಮ್ಮ ಸಹಿ ತೆಗೊಂಡು ರೈಲು ಬೇಡ ಅಂತ ಬರೀತಾನೆ," ಎಂದು ಕಿವಿಯಲ್ಲಿ ಹೇಳಿದೆ.

ಮಾತು ಹಬ್ಬಿತು. ಕಾಲೇಜಿನ ಮಕ್ಕಳು, ಕೆಲಸಕ್ಕೆ ಹೋಗುವ ಹೆಂಗಸರು, ಎಲ್ಲರೂ ಯಾರನ್ನೋ ಕಳಿಸಲು ಬಂದವರ ಹಾಗೆ ದೂರ ನಿಂತರು. ಅಕ್ಕನೂ ಕುಂಟುತ್ತಾ ಸರಿದರು. ರೈಲು ಅಂದೂ ತಡ. ನೋಟ್‌ಬುಕ್‌ನವರು ಕಾದು ಸುಸ್ತಾಗಿ, ಸಿಕ್ಕಿದ ಎರಡು ಸಹಿ ಹಿಡಿದುಕೊಂಡು ಬೈಕ್ ಹತ್ತಿ ಹೋದರು. ಆಮೇಲೆ ರೈಲು ಬಂತು. ನಾವೆಲ್ಲ ನಗುತ್ತಾ ಹತ್ತಿದೆವು.

ಕೆಲವು ತಿಂಗಳ ಬಳಿಕ ನಮ್ಮಲ್ಲಿ ರೈಲು ನಿಲ್ಲುವುದನ್ನು ರದ್ದು ಮಾಡಿದರು. ಆ ವಾರವೇ ಅದೇ ವ್ಯಕ್ತಿ ಅಂಗಡಿಗೆ ಬಟ್ಟೆ ಕೊಳ್ಳಲು ಬಂದರು. ನನ್ನ ಊರು ಹೇಳಿ, ರೈಲಿನ ವಿಷಯ ಕೇಳಿದೆ. ಸಣ್ಣ ಸ್ಟೇಷನ್‌ಗಳನ್ನು ಉಳಿಸಿ ಎಂದು ಅರ್ಜಿ ಕೊಡಲು ಓಡಾಡುತ್ತಿದ್ದರಂತೆ.

"ಬೇರೆ ಕಡೆ ಪುಟ ತುಂಬ ಸಹಿ ಉಂಟು. ನಿಮ್ಮಲ್ಲಿ ಎರಡೇ. ಎಂತ ಮಾಡುದು?" ಎಂದರು.

ಅವರಿಗೆ ನನ್ನ ಗುರುತು ಸಿಗಲಿಲ್ಲ. ಸಹಿ ತಪ್ಪಿಸಿದವಳು ನಾನೇ ಎಂದು ನಾಚಿಕೆಯಿಂದ ನಾನೂ ಹೇಳಲಿಲ್ಲ.

ಮರುದಿನ ಅಕ್ಕನನ್ನು ಬಸ್ಸಿಗೆ ಹತ್ತಿಸಿ ನಾನೂ ಹತ್ತಿದೆ. ಅವರು ಸೀಟುಗಳ ನಡುವಿನ ದಾರಿಗೆ ಕಾಲು ಚಾಚಿ ಕೂತರು. ಇಳಿಯುವವರು ಹತ್ತುವವರು ತಾಗಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದರು. ಇನ್ನು ವಾರಕ್ಕೆರಡು ಸಲ ಆಗುವ ಮಾತಲ್ಲ ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ನೀನು ಅವತ್ತೇ ಹೇಳಿದ್ದಿ ಮಾರಾಯ್ತಿ. ಎಲ್ಲ ಆ ಪುಸ್ತಕದವನೇ ಮಾಡಿದ್ದು."

ಹೌದಕ್ಕ ಎಂದೆ.